ಗಾಲಿ ಮಡಚುವ ಮುನ್ನ

ಕೊತ್ತತ್ತಿಯ ಕಡೆ ಕಬ್ಬು ಕಡಿದ ಕೂಳೆಯಲ್ಲೋ ಭತ್ತ ಕೊಯ್ದ ಗದ್ದೆಯಲ್ಲೋ ರಿಮೋಟ್ ವಿಮಾನ ಇಳಿಸುವ ಆಸೆಯಿದ್ದರೆ, ಸದ್ಯಕ್ಕೆ ದಪ್ಪ ಗಾಲಿಯ, ಮಡಚದ ಕಾಲೇ ಸಾಕು. ಹೆಂಟೆಗೆ ತಾಗಿದರೆ ಮಡಚುವ ಕಾಲಿನ ಕೀಲು ಬಾಗುತ್ತದೆ. ಗಟ್ಟಿ ನೆಲದ ಮೈದಾನ ಸಿಕ್ಕಿದ ಮೇಲೆ, ಎಣ್ಣೆಯ ಒತ್ತಡದಿಂದ ಮಡಚುವ ಹೈಡ್ರಾಲಿಕ್ ಕಾಲಿನ ಮಾತು.

ತೇಜಸ್ ಯುದ್ಧವಿಮಾನದ ಹಾಗೆ ಕಾಲು ನಿಧಾನವಾಗಿ ಹೊಟ್ಟೆಯೊಳಗೆ ಸೇರುವ ಅಂದವೇ ಬೇರೆ, ಒಪ್ಪುತ್ತೇನೆ. ಆದರೆ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಕೆಲಸ ಕೆಟ್ಟಿತು. ಎಣ್ಣೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಕಾಲು ಪೂರ್ತಿ ಚಾಚದೆ ಲಾಕ್ ಬೀಳದೇ ಹೋಗಬಹುದು. ವಿಮಾನವನ್ನು ಸ್ಟ್ಯಾಂಡಿನ ಮೇಲಿಟ್ಟು ಮತ್ತೆ ಮತ್ತೆ ಆಡಿಸಿ, ಗುಳ್ಳೆ ಹೊರಡಿಸಿ. ಮನೆಯಲ್ಲಿದೆಯೆಂದು ಟ್ರ್ಯಾಕ್ಟರ್ ಎಣ್ಣೆಯನ್ನೋ ಬೈಕಿನ ಬ್ರೇಕ್ ಆಯಿಲನ್ನೋ ಸುರಿಯಬೇಡಿ. ತಯಾರಕರು ಹೇಳಿದ್ದನ್ನೇ ಹಾಕಿ. ಒಗ್ಗದ ಎಣ್ಣೆಗೆ ರಬ್ಬರ್ ಸೀಲ್ ಉಬ್ಬಿ ಸೋರುತ್ತದೆ.

ಮೇಲೆ ಹೋದಾಗ ಒಂದು ಕಾಲು ಇಳಿಯದೆ ಹಟ ಹಿಡಿದರೆ? ಉಳಿದವನ್ನೂ ಒಳಕ್ಕೆಳೆದು, ಮೋಟಾರು ಆಫ್ ಮಾಡಿ, ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಇಳಿಸಿ. ಒಂಟಿ ಕಾಲಿನಲ್ಲಿ ಇಳಿಸಹೋದರೆ ರೆಕ್ಕೆ ನೆಲಕ್ಕೆ ಬಡಿಯುತ್ತದೆ.

ಅಂದಹಾಗೆ, 2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸದ ಮಾದರಿ 25 ಕೆ.ಜಿ. ಮೀರುವಂತಿಲ್ಲ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಬೇಕು. ಪಂಪ್‌ಸೆಟ್ಟಿನ ಕರೆಂಟ್ ತಂತಿ ಹಾದುಹೋದ ಗದ್ದೆಯಂತೂ ಬೇಡವೇ ಬೇಡ.