ಓಝೋನ್ ಸ್ನೇಹಿ ದ್ರಾವಕ ಮಿಶ್ರಣಗಳು

ಪವಾಯಿ ಎಂದೊಡನೆ ಮುಂಬಯಿಯ ಜನರಿಗೆ ನೆನಪಾಗುವುದು ಅಲ್ಲಿನ ಸರೋವರ ಹಾಗೂ 1958ರಲ್ಲಿ ಸ್ಥಾಪನೆಯಾದ ಭಾರತೀಯ ತಂತ್ರಜ್ಞಾನ ಸಂಸ್ಥೆ. ಅಲ್ಲಿಂದ ಸಾಕಿವಿಹಾರ ರಸ್ತೆಯಲ್ಲಿ ಸಾಕಿನಾಕಾದತ್ತ ಸಾಗಿದರೆ ಯಂತ್ರೋದ್ಯಮದ ಬೇರೊಂದು ಲೋಕವೇ ಎದುರಾಗುತ್ತದೆ. ಇಂತಹ ಕಾರ್ಖಾನೆಗಳಲ್ಲಿ ಲೇತ್‌ನಿಂದ ಹೊರಬಂದ ಬಿಡಿಭಾಗಕ್ಕೆ ಎಣ್ಣೆ, ಗ್ರೀಸು ಅಂಟಿರುತ್ತವೆ. ಬೆಸುಗೆ ಹಾಕಿದ ಎಲೆಕ್ಟ್ರಾನಿಕ್ ಫಲಕದ ಮೇಲೆ ರಾಳದ ಶೇಷ ಉಳಿದಿರುತ್ತದೆ. ಇವುಗಳನ್ನು ತೊಳೆಯದೆ ಬಣ್ಣವಾಗಲಿ, ಲೋಹಲೇಪನವಾಗಲಿ ನಿಲ್ಲುವುದಿಲ್ಲ. ಹೀಗೆ ತೊಳೆಯಲು ಬಳಸುವ ದ್ರವವೇ ದ್ರಾವಕ.

ಹಳೆಯ ದ್ರಾವಕಗಳು

ಹಲವು ದಶಕಗಳ ಕಾಲ ಈ ಕೆಲಸಕ್ಕೆ ಸಿಎಫ್‌ಸಿ-113, ಮೀಥೈಲ್ ಕ್ಲೋರೋಫಾರ್ಮ್ ಹಾಗೂ ಕಾರ್ಬನ್ ಟೆಟ್ರಾಕ್ಲೋರೈಡ್‌ಗಳು ಬಳಕೆಯಲ್ಲಿದ್ದವು. ಸಿಎಫ್‌ಸಿ-113 ಬೆಂಕಿ ಹಿಡಿಯದು, ಬೇಗ ಆರುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಅಗ್ಗವಾಗಿತ್ತು. ಆದರೆ ಅದರ ಆವಿಯು ಕಾರ್ಮಿಕರ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಹಾನಿಕರ. ಇವೆಲ್ಲವೂ ಮೇಲಿನ ವಾಯುಮಂಡಲವನ್ನು ತಲುಪಿ, ಸೂರ್ಯನ ನೇರಳಾತೀತ ಕಿರಣಗಳಿಂದ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುತ್ತವೆ. ಆ ಪರಮಾಣುಗಳು ನಮ್ಮನ್ನು ಅದೇ ಕಿರಣಗಳಿಂದ ಕಾಪಾಡುವ ಓಝೋನನ್ನು ನಾಶಮಾಡುತ್ತವೆ.

1987ರ ಸೆಪ್ಟೆಂಬರ್ 16ರಂದು ರೂಪುಗೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಶುಚೀಕರಣಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸುವುದು 2010ರ ಜನವರಿ 1ರಿಂದ ಕೊನೆಗೊಂಡಿತು. ಇತರ ರಾಸಾಯನಿಕಗಳ ತಯಾರಿಕೆಗೆ ಅದು ಕಚ್ಚಾವಸ್ತುವಾಗಿ ಮಾತ್ರ ಉಳಿದಿದೆ.

ಮಿಶ್ರಣವೇ ಏಕೆ?

ಹಳೆಯ ದ್ರಾವಕದ ಎಲ್ಲ ಗುಣಗಳೂ ಒಂದೇ ಬದಲಿ ವಸ್ತುವಿನಲ್ಲಿ ದೊರೆಯುವುದು ವಿರಳ. ಟ್ರಾನ್ಸ್-ಡೈಕ್ಲೋರೋಎಥಿಲೀನ್ ಎಣ್ಣೆಯನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹೈಡ್ರೋಫ್ಲೋರೋ ಈಥರ್ ಹೊತ್ತಿಕೊಳ್ಳದು, ಆದರೆ ಎಣ್ಣೆ ಕರಗಿಸುವ ಶಕ್ತಿ ಅದಕ್ಕೆ ಕಡಿಮೆ. ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ಆದರೆ ಬೆರೆಸಿದ ಮಾತ್ರಕ್ಕೆ ಸಾಲದು. ಆವಿ ಶುಚೀಕರಣದ ತೊಟ್ಟಿಯಲ್ಲಿ ದ್ರಾವಕವನ್ನು ಕುದಿಸಲಾಗುತ್ತದೆ. ತಣ್ಣನೆಯ ಬಿಡಿಭಾಗದ ಮೇಲೆ ಆವಿಯು ಹನಿಗಟ್ಟಿ ಜಿಡ್ಡನ್ನು ತೊಳೆದು ಕೆಳಗಿಳಿಯುತ್ತದೆ. ಸಾಮಾನ್ಯ ಮಿಶ್ರಣವಾದರೆ ಬೇಗ ಆವಿಯಾಗುವ ಅಂಶವು ಮೊದಲು ಹೋಗಿ ಪ್ರಮಾಣ ಕೆಡುತ್ತದೆ. ಕೊನೆಗೆ ಹೊತ್ತಿಕೊಳ್ಳುವ ಅಂಶವೇ ತೊಟ್ಟಿಯಲ್ಲಾಗಲಿ ಆವಿಯಲ್ಲಾಗಲಿ ಹೆಚ್ಚಿದರೆ ಅಪಾಯ ತಪ್ಪಿದ್ದಲ್ಲ.

ಕೆಲವು ಮಿಶ್ರಣಗಳು ಮಾತ್ರ ಒಂದೇ ವಸ್ತುವಿನಂತೆ ಸ್ಥಿರ ಉಷ್ಣತೆಯಲ್ಲಿ ಕುದಿಯುತ್ತವೆ. ಅವುಗಳ ಆವಿಯಲ್ಲಿಯೂ ದ್ರವದಲ್ಲಿಯೂ ಪ್ರಮಾಣ ಒಂದೇ. ಇವು ಸ್ಥಿರ ಕುದಿಬಿಂದುವಿನ ಮಿಶ್ರಣಗಳು. ಮೇಲೆ ಹೇಳಿದ ಎರಡು ವಸ್ತುಗಳನ್ನೇ ನೋಡಬಹುದು. ಒಂದು ಬಗೆಯ ಹೈಡ್ರೋಫ್ಲೋರೋ ಈಥರ್ ಸುಮಾರು 61 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟ್ರಾನ್ಸ್-ಡೈಕ್ಲೋರೋಎಥಿಲೀನ್ ಸುಮಾರು 48 ಡಿಗ್ರಿಯಲ್ಲಿ ಕುದಿಯುತ್ತವೆ. ಇವುಗಳ ಸಮತೂಕದ ಮಿಶ್ರಣವು ಸುಮಾರು 41 ಡಿಗ್ರಿಯಲ್ಲಿಯೇ ಕುದಿಯುತ್ತದೆ.

ಆಯ್ಕೆಯಲ್ಲಿ ಎಚ್ಚರಿಕೆ

ಓಝೋನಿಗೆ ಹಾನಿಯಿಲ್ಲ ಎಂಬ ಒಂದೇ ಗುಣವನ್ನು ನೋಡಿ ದ್ರಾವಕವನ್ನು ಆರಿಸಬಾರದು. ಟ್ರೈಕ್ಲೋರೋಎಥಿಲೀನ್ ಓಝೋನಿಗೆ ಹೆಚ್ಚು ಹಾನಿ ಮಾಡದು. ಆದರೆ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅದನ್ನು ವರ್ಗೀಕರಿಸಲಾಗಿದೆ. ಹೈಡ್ರೋಫ್ಲೋರೋಕಾರ್ಬನ್‌ಗಳಲ್ಲಿ ಕ್ಲೋರಿನ್ ಇಲ್ಲ. ಆದರೆ ಅವುಗಳಲ್ಲಿ ಹಲವು ಪ್ರಬಲ ಹಸಿರುಮನೆ ಅನಿಲಗಳು. ಅವುಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸಲು 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅಂಗೀಕರಿಸಿತು. ಫ್ಲೋರಿನ್‌ಯುಕ್ತ ಈಥರ್‌ಗಳೂ ಪರಿಸರದಲ್ಲಿ ದೀರ್ಘಕಾಲ ಉಳಿಯುವ ವಸ್ತುಗಳ ಚರ್ಚೆಯಿಂದ ಹೊರತಾಗಿಲ್ಲ.

ಆದುದರಿಂದ ಉದ್ಯಮಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಮಿಶ್ರಣವು ಓಝೋನಿಗೆ ಹಾನಿಕರವೇ? ಭೂಮಿಯ ತಾಪವನ್ನು ಹೆಚ್ಚಿಸುವುದೇ? ಹೊತ್ತಿಕೊಳ್ಳುವುದೇ? ಅದರ ಪಕ್ಕದಲ್ಲಿ ದಿನವಿಡೀ ನಿಲ್ಲುವ ಕಾರ್ಮಿಕನ ಉಸಿರಿಗೆ ಕೇಡೇ? ಉತ್ತರಗಳು ಡಬ್ಬಿಯೊಡನೆ ಬರುವ ಸುರಕ್ಷತಾ ಮಾಹಿತಿ ಪತ್ರದಲ್ಲಿ ದೊರೆಯುತ್ತವೆ. ತೊಟ್ಟಿಗೆ ಮುಚ್ಚಳ, ಮೇಲಂಚಿನಲ್ಲಿ ತಂಪುಕೊಳವೆ, ಕೋಣೆಗೆ ಗಾಳಿಯ ಸಂಚಾರ ಇವು ಯಾವ ದ್ರಾವಕಕ್ಕಾದರೂ ಅವಶ್ಯಕ.

ಅನೇಕ ಬಿಡಿಭಾಗಗಳಿಗೆ ಬಿಸಿನೀರು ಮತ್ತು ಮಾರ್ಜಕವೇ ಸಾಕಾಗುತ್ತದೆ. ಅಲ್ಲಿ ಜಿಡ್ಡಿನ ನೀರನ್ನು ಸಂಸ್ಕರಿಸಿ ಬಿಡುವುದು ಮುಖ್ಯ. ಬೆಸುಗೆಯ ನಂತರ ತೊಳೆಯುವ ಅಗತ್ಯವೇ ಇಲ್ಲದ ಫ್ಲಕ್ಸ್ ಕೂಡ ಲಭ್ಯವಿದೆ. ದ್ರಾವಕವೇ ಬೇಡವಾದಲ್ಲಿ ಅದನ್ನು ಬಳಸದಿರುವುದೇ ಲೇಸು. ಅದು ಅನಿವಾರ್ಯವಾದಲ್ಲಿ ಮಾತ್ರ ಪರೀಕ್ಷಿತ ಮಿಶ್ರಣವನ್ನು ಮಿತವಾಗಿ ಬಳಸುವುದು ಉದ್ಯಮಕ್ಕೂ ಆಕಾಶಕ್ಕೂ ಹಿತ.