ಸೊನ್ನೆ-ಸೊನ್ನೆಯಲ್ಲಿ ನೋಡುವುದೇನು?

ಪ್ರಶ್ನೆ: ನಮ್ಮ ಮಗ ನಡುರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಫುಟ್‌ಬಾಲ್ ನೋಡುತ್ತಾನೆ. ಬೆಳಿಗ್ಗೆ ಸ್ಕೋರ್ ಕೇಳಿದರೆ 0-0 ಅಂತಾನೆ. ಅದರ ಮೇಲೆ ‘ಸಖತ್ ಮ್ಯಾಚ್ ಅಪ್ಪಾ’ ಬೇರೆ! ಒಂದೂ ಗೋಲಿಲ್ಲದ ಆಟದಲ್ಲಿ ಇವನಿಗೆ ಸಿಗುವುದಾದರೂ ಏನು?

ಉತ್ತರ: ನೀವು ಕ್ರಿಕೆಟ್‌ನವರಿರಬೇಕು. 2021ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿದೆಯೇ? ತೊಡೆಯ ಸ್ನಾಯು ಹಿಡಿದುಕೊಂಡು ಕುಂಟುತ್ತಿದ್ದ ಹನುಮ ವಿಹಾರಿ 161 ಎಸೆತ ಆಡಿ ಗಳಿಸಿದ್ದು 23 ರನ್. ಆ ತುದಿಯಲ್ಲಿ ಬೆನ್ನುನೋವಿನ ಅಶ್ವಿನ್. ಪಂದ್ಯ ಡ್ರಾ. ಆದರೂ ಅವತ್ತು ಟಿವಿ ಮುಂದಿನಿಂದ ಏಳಲು ಮನಸ್ಸು ಬರಲಿಲ್ಲ, ಅಲ್ಲವೇ? ನಿಮ್ಮ ಮಗನ 0-0 ಕೂಡ ಅದೇ ಜಾತಿಯದು.

ವ್ಯತ್ಯಾಸ ಇಷ್ಟೇ: ಕ್ರಿಕೆಟ್ಟು, ಕಬಡ್ಡಿ ದಿನಗೂಲಿ ಕೊಡುವ ಆಟಗಳು. ಆಗಾಗ ರನ್ನೋ ಪಾಯಿಂಟೋ ಕೈಗೆ ಬರುತ್ತಲೇ ಇರುತ್ತದೆ. ಫುಟ್‌ಬಾಲ್ ತೊಂಬತ್ತು ನಿಮಿಷ ಕಾಯಿಸಿ ಬರಿಗೈಯಲ್ಲೂ ಕಳಿಸೀತು. ವಿಶ್ವಕಪ್‌ನಲ್ಲೇ ಪಂದ್ಯಕ್ಕೆ ಸರಾಸರಿ ಎರಡು-ಮೂರು ಗೋಲು. ಅದಕ್ಕೇ ಒಂದೊಂದಕ್ಕೂ ಅಷ್ಟು ತೂಕ.

2010ರ ವಿಶ್ವಕಪ್ ಫೈನಲ್ ನೋಡಿ. ಇನ್ನೂ 0-0. ಹಾಲೆಂಡಿನ ರಾಬೆನ್ ಚೆಂಡಿನೊಡನೆ ಒಬ್ಬನೇ ನುಗ್ಗಿದ, ಎದುರಿಗೆ ಸ್ಪೇನಿನ ಗೋಲ್‌ಕೀಪರ್ ಕಸಿಯಾಸ್ ಮಾತ್ರ. ಕಸಿಯಾಸ್ ಒಂದು ಕಡೆ ಹಾರಿದ, ರಾಬೆನ್ ಇನ್ನೊಂದು ಕಡೆ ಒದ್ದ. ಗೋಲು ಎಂದುಕೊಳ್ಳುವಷ್ಟರಲ್ಲಿ ಕಸಿಯಾಸ್‌ನ ಹಿಂದೆ ಉಳಿದಿದ್ದ ಕಾಲಿನ ತುದಿಗೆ ತಗುಲಿ ಚೆಂಡು ಹೊರಗೆ ಹೋಯಿತು. ಸ್ಕೋರ್‌ಬೋರ್ಡ್ ಕದಲಲಿಲ್ಲ. ಆಟ ಹೆಚ್ಚುವರಿ ಸಮಯಕ್ಕೆ ಹೋಗಿ, 116ನೇ ನಿಮಿಷದಲ್ಲಿ ಸ್ಪೇನಿನ ಇನಿಯೆಸ್ಟಾ ಗೋಲು ಹೊಡೆದ, ಸ್ಪೇನ್ 1-0ಯಿಂದ ಗೆದ್ದಿತು. ನಮ್ಮ ಬೆಂಗಳೂರು ಎಫ್‌ಸಿ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದದ್ದೂ ಹೀಗೆಯೇ: ಗೋವಾ ವಿರುದ್ಧ, 117ನೇ ನಿಮಿಷದಲ್ಲಿ, ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ.

ಗೋಲು ಕಡಿಮೆ ಇದ್ದಷ್ಟೂ ಬಡವರಿಗೆ ಆಸೆ ಹೆಚ್ಚು. ಎರಡು ತಂಡಗಳೂ ನಲವತ್ತು ಗೋಲು ಹೊಡೆಯುವ ಆಟವಾಗಿದ್ದರೆ ಬಲಾಢ್ಯರೇ ಸದಾ ಗೆಲ್ಲುತ್ತಿದ್ದರು. ಒಂದೇ ಗೋಲಾದರೆ ಅದೃಷ್ಟಕ್ಕೂ ಒಂದು ಕುರ್ಚಿ. 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1-0ಯಿಂದ ಕೆಡವಿದ್ದು ಯಾರು ಗೊತ್ತೇ? ‘ಈ ಆಟದಲ್ಲಿ ಗೋಲೇ ಬರಲ್ಲ’ ಎಂಬ ಗೊಣಗಾಟಕ್ಕೆ ಹೆಸರಾದ ಅಮೆರಿಕನ್ನರು!

ಹಾಗಂತ 0-0 ಎಲ್ಲವೂ ಚಿನ್ನವಲ್ಲ. 1990ರ ವಿಶ್ವಕಪ್ ನಿಜಕ್ಕೂ ಸಪ್ಪೆ, ಪಂದ್ಯಕ್ಕೆ ಸರಾಸರಿ 2.21 ಗೋಲು. ಆಗ ಗೆಲ್ಲುತ್ತಿದ್ದ ತಂಡ ಚೆಂಡನ್ನು ಮತ್ತೆ ಮತ್ತೆ ತನ್ನ ಗೋಲ್‌ಕೀಪರ್‌ಗೇ ತಳ್ಳುವುದು, ಅವನು ಅದನ್ನು ಎತ್ತಿಕೊಂಡು ಕಾಲ ಕಳೆಯುವುದು. ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂತು. ಆಡಳಿತದವರಿಗೂ ಆಕಳಿಕೆ ಬಂದಿತ್ತು ಎಂದಾಯಿತು.

ಮುಂದಿನ ಸಲ ಮಗನ ಪಕ್ಕ ಕೂತು ಹತ್ತು ನಿಮಿಷ ಚೆಂಡನ್ನು ಬಿಟ್ಟು, ಗೋಲ್‌ಕೀಪರ್ ಮುಂದೆ ನಿಂತ ಡಿಫೆಂಡರುಗಳು ಹೇಗೆ ಹಿಂದೆ ಮುಂದೆ ಸರಿಯುತ್ತಾರೆ ನೋಡಿ. ಆಮೇಲೂ ನಿದ್ದೆ ಬಂದರೆ ಸಂಕೋಚಪಡದೆ ಹೋಗಿ ಮಲಗಿ.