ಮೀನು ತುತ್ತು ಮುಟ್ಟದಿದ್ದರೆ

ಜತ್ತ ತಾಲೂಕಿನ ಬಾಲಗಾಂವದಂಥ ಬರದ ಸೀಮೆಯ ಊರಿಗೆ ತೊಟ್ಟಿಯಲ್ಲಿ ಸಾಕುವ ಕಡಲ ಮೀನು ಬರುವುದು ದೂರದ ಹಾದಿ ಸವೆಸಿಯೇ. ದಣಿದು ಬಂದದ್ದು ಒಂದೆರಡು ದಿನ ತುತ್ತು ಮುಟ್ಟದಿದ್ದರೆ ಗಾಬರಿಯಾಗಬೇಡಿ. ದೀಪ ಮಂದವಾಗಿಡಿ, ಅಡಗಲು ಕಲ್ಲಿನ ಸಂದು ಕೊಡಿ, ನೀರಿನ ಉಪ್ಪು, ಅಮೋನಿಯಾ ಪರೀಕ್ಷಿಸಿ.

ಒಣ ಆಹಾರ ಒಲ್ಲದ ಸಣ್ಣ ಬಾಯಿಯ ಮೀನಿಗೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯಾದ ಆರ್ಟೀಮಿಯಾದ ಜೀವಂತ ಮರಿ ಹಾಕಿ. ಪಂಪಿನ ಗಾಳಿಯಾಡುವ ಉಪ್ಪುನೀರಿನಲ್ಲಿ, ಸುಮಾರು 28 ಡಿಗ್ರಿ ಶಾಖದಲ್ಲಿ, ಅದರ ಮೊಟ್ಟೆ 24 ಗಂಟೆಯ ಆಸುಪಾಸು ಒಡೆಯುತ್ತದೆ. ಕಿತ್ತಳೆ ಬಣ್ಣದ ಚುಕ್ಕಿಗಳು ಮಿಸುಕಾಡಿದರೆ ಮೀನಿನ ಗಮನ ಅತ್ತ ಹರಿಯುತ್ತದೆ. ಆಮೇಲೆ ಹೆಪ್ಪುಗಟ್ಟಿಸಿದ ಸೀಗಡಿಯ ಚೂರು ಬೆರೆಸುತ್ತ ರೂಢಿ ಮಾಡಿಸಿ. ಉಳಿದದ್ದನ್ನು ತಪ್ಪದೆ ತೆಗೆಯಿರಿ.

ಹೊಸಬರು ತಿನ್ನಿಸಲು ಕಷ್ಟವಾದ ಮ್ಯಾಂಡರಿನ್ ಮೀನು ಬಿಟ್ಟು, ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನು ಆರಿಸಿ. ಅಂಗಡಿಯಲ್ಲಿ ಅದು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ದುಡ್ಡು ಕೊಡಿ.